ಬಸ್ತ್ಯಾಂವ ಕಾಕಾನ ಐತವಾರ

ಬಸ್ತ್ಯಾಂವ ಕಾಕಾ ಪ್ರತಿ ಶನಿವಾರ ಸಂಜೆ ತಮ್ಮ ಕಬ್ಬಿಣಕ್ಕೆಲ್ಲ ಸ್ನಾನ ಮಾಡಿಸುತ್ತಿದ್ದರು. ಕುಡಗೋಲು, ಕೊಡಲಿ, ಸಲಿಕೆ, ಗುದ್ದಲಿ ಒಂದೊಂದನ್ನೂ ಬಾವಿಯ ಹತ್ತಿರ ಕಲ್ಲಿನ ಮೇಲಿಟ್ಟು, ನಾರಿನಿಂದ ತಿಕ್ಕಿ, ಹಳೆ ಲುಂಗಿಯ ಚೂರಿನಿಂದ ಒರೆಸಿ, ಒಳಗೆ ಒಯ್ದು ತಾವು ಮಲಗುವ ಹೊರಸಿನ ಕೆಳಗೆ ಸಾಲಾಗಿ ಮಲಗಿಸುತ್ತಿದ್ದರು. ಮೇಲೊಂದು ಗೋಣಿಚೀಲ ಹೊದಿಸಿ, ಮಕ್ಕಳಿಗೆ ಹೇಳುವ ಹಾಗೆ ಹೇಳುತ್ತಿದ್ದರು: "ಮಲಕೋರಿ ಇನ್ನ. ಸೋಮವಾರ ನಸುಕಿನ್ಯಾಗ ಎಬ್ಬಸ್ತೇನಿ."

ಐತವಾರ ಬೆಳಿಗ್ಗೆ ಇಗರ್ಜಿಗೆ ಹೋಗಿ ಬಂದರೆಂದರೆ ಮುಗಿಯಿತು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಎರಡೂ ಕೈ ಮೊಣಕಾಲ ಮೇಲಿಟ್ಟು, ಮನೆಯ ಮುಂದಿನ ಕಟ್ಟೆಯ ಮೇಲೆ ಹೊತ್ತು ಮುಳುಗುವ ತನಕ ಕೂತಿರುತ್ತಿದ್ದರು. ನಿದ್ದೆಯಿಲ್ಲ, ಬೀಡಿಯಿಲ್ಲ, ರೇಡಿಯೋ ಇಲ್ಲ. ಬೇಲಿ ದಾಟಿ ಯಾರದೋ ದನ ನುಗ್ಗಿದರೆ ಬಾಯಿಂದ "ಹಚಾ ಹಚಾ" ಅನ್ನುತ್ತಿದ್ದರೇ ಹೊರತು ಬಗ್ಗಿ ಒಂದು ಕಲ್ಲು ಎತ್ತುತ್ತಿರಲಿಲ್ಲ. ಕಟ್ಟೆ ಇದ್ದದ್ದು ರಸ್ತೆಯ ಪಕ್ಕದಲ್ಲೇ. ಹೋಗುವವರು ಬರುವವರಿಗೆಲ್ಲ ಆ ಬಿಳಿ ಅಂಗಿ ದೂರದಿಂದಲೇ ಕಾಣುತ್ತಿತ್ತು. ಬೇಕೆಂದೇ ಕಾಣುವ ಹಾಗೆ ಕೂಡುತ್ತಿದ್ದರು ಅನ್ನುವುದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ನಮ್ಮದು ಧಾರವಾಡ ಕಡೆಯಿಂದ ದಾಂಡೇಲಿಯ ಪೇಪರ್ ಮಿಲ್ಲಿಗೆ ಬಂದ ಮನೆತನ. ಅಪ್ಪ ಇನ್ನೂ ಶಿಫ್ಟಿಗೆ ಹೋಗುತ್ತಾರೆ. ಹೊಲದ ಆಸೆ ಬಿಡಲಾರದೆ ಹಳಿಯಾಳದ ಹಾದಿಯಲ್ಲಿ ಎರಡೂವರೆ ಎಕರೆ ಗದ್ದೆ ತೆಗೆದುಕೊಂಡಿದ್ದರು. ಅದರ ಪಕ್ಕಕ್ಕೇ ಕ್ರೈಸ್ತ ಸಿದ್ದಿಯರ ಹನ್ನೆರಡು ಮನೆಗಳು. ಅವರಲ್ಲೊಬ್ಬರಾದ ಬಸ್ತ್ಯಾಂವ ಕಾಕಾ ನಮ್ಮ ಗದ್ದೆಯನ್ನು ಪಾಲಿಗೆ ಮಾಡುತ್ತಿದ್ದರು. ಎತ್ತುಗಳು ನಮ್ಮವು, ಕೊಟ್ಟಿಗೆ ಅವರದು. ಅರವತ್ತು ದಾಟಿದ ಅವರು ನನ್ನನ್ನು "ಅಕ್ಕಾರ" ಅನ್ನುತ್ತಿದ್ದರು. ನಾನು ಮೂಗು ಸೋರಿಸುವ ವಯಸ್ಸಿನವಳಿದ್ದಾಗಿನಿಂದಲೂ.

ಆ ಎತ್ತುಗಳಿಗೆ ವಾರಕ್ಕೆ ಎರಡು ರಜೆ. ಐತವಾರ ಕಾಕಾ ಕೆಲಸಕ್ಕೆ ಬರುವುದಿಲ್ಲ. ಸೋಮವಾರ ಬಸವಣ್ಣನ ವಾರ, ಅವತ್ತು ನಮ್ಮ ಮನೆತನದಲ್ಲಿ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅಜ್ಜ ಇಡಲಿಲ್ಲ, ಅಪ್ಪನೂ ಇಡಲಿಲ್ಲ. ಸೋಮವಾರ ಕಾಕಾ ಎತ್ತಿಲ್ಲದೆ ಬರಿ ಕೈಯಿಂದ ಆಗುವ ಕೆಲಸ ಮಾಡುತ್ತಿದ್ದರು. "ನೋಡ್ರಿ ಅಕ್ಕಾರ, ನನ್ನ ಐತವಾರ ಎತ್ತಿಗೂ ಸಿಗತೈತಿ. ಎತ್ತಿನ ಸೋಮವಾರ ಮಾತ್ರ ನನಗ ಸಿಗೂದಿಲ್ಲ. ಎತ್ತಾಗಿ ಹುಟ್ಟಿದ್ರ ಚಲೋ ಇತ್ತು" ಎಂದು ನಗುತ್ತಿದ್ದರು. ಮಾತು ಮುಗಿಯುವ ಮೊದಲೇ ನಗು ಬಂದುಬಿಡುತ್ತಿತ್ತು ಅವರಿಗೆ, ಹಾಗಾಗಿ ಅರ್ಧ ಮಾತು ನಾವೇ ತಿಳಿದುಕೊಳ್ಳಬೇಕು.

ನಾನು ಡಿಬೇಟ್ ಕಲಿತದ್ದು ಕಾಲೇಜಿನಲ್ಲಿ ಎಂದು ಎಲ್ಲರಿಗೂ ಹೇಳುತ್ತೇನೆ. ಅದು ಪೂರ್ತಿ ನಿಜವಲ್ಲ. ಹೈಸ್ಕೂಲಿನಲ್ಲಿದ್ದಾಗ ಅಪ್ಪನ ವಾರದ ರಜೆ ಬುಧವಾರ ಇರುತ್ತಿತ್ತು. ದಸರೆಯ ರಜೆ, ಬೇಸಗೆ ರಜೆಯಲ್ಲಿ ಅವರ ಜೊತೆ ನಾನೂ ಗದ್ದೆಗೆ ಹೋಗುತ್ತಿದ್ದೆ. ಮಧ್ಯಾಹ್ನ ಊಟವಾದ ಮೇಲೆ ಬಸ್ತ್ಯಾಂವ ಕಾಕಾ ನನ್ನನ್ನು ಕಣದ ಕಲ್ಲಿನ ಮೇಲೆ ನಿಲ್ಲಿಸಿ, ತಾವು ಎದುರಿಗೆ ನೆಲದ ಮೇಲೆ ಕೂತು, "ಹೂಂ ಅಕ್ಕಾರ, ಇವತ್ತ ಪರಾನೋ ವಿರೋಧಾನೋ?" ಅನ್ನುತ್ತಿದ್ದರು. ನಾನು ಎರಡೂ ಕಡೆ ಮಾತಾಡುತ್ತಿದ್ದೆ. ಬಾಯಿ ತೆರೆದು ಕೇಳುತ್ತಿದ್ದರು. ಕೊನೆಗೆ ತೀರ್ಪು ಕೊಡುವಾಗ ಯಾವಾಗಲೂ ಸೋತ ಕಡೆಗೇ ಬಹುಮಾನ.

"ಅದ್ಹೆಂಗ ಕಾಕಾ? ವಿರೋಧದ ಕಡೆ ಪಾಯಿಂಟೇ ಇರಲಿಲ್ಲಲ್ಲ?"

"ಇರ್ಲಿಲ್ಲ, ಖರೆ. ಗೆದ್ದಾಕಿ ಖುಷಿಲೆ ಮನಿಗೆ ಹೋಗ್ತಾಳ್ರಿ. ಸೋತಾಂವ ಎಲ್ಲಿ ಹೋಗಬೇಕ್ರಿ, ಪಾಪ? ಅದಕ್ಕ ಅವಂಗ ಒಂದ ಮಾರ್ಕ್ ಜಾಸ್ತಿ."

ಅದನ್ನು ನಾನು ಹಳ್ಳಿಯವರ ಮುಗ್ಧತೆ ಎಂದು ತಿಳಿದಿದ್ದೆ.

ಡಿಗ್ರಿಯ ಎರಡನೇ ವರ್ಷದ ಹೊತ್ತಿಗೆ ನನಗೆ ದೇವರು, ಶಾಸ್ತ್ರ, ವಾರ, ತಿಥಿ ಯಾವುದೂ ಉಳಿದಿರಲಿಲ್ಲ. ಅದಕ್ಕೆ ನಾನು ಇವತ್ತೂ ಪಶ್ಚಾತ್ತಾಪ ಪಡುವುದಿಲ್ಲ. ನಾಚಿಕೆಯಾಗುವುದು ಬೇರೆಯದಕ್ಕೆ. ಆ ದೀಪಾವಳಿ ರಜೆಯಲ್ಲಿ ಗದ್ದೆಯಲ್ಲಿ ನಮಗಿದ್ದ ಸಣ್ಣ ಮನೆಯಲ್ಲೇ ಓದಿಕೊಳ್ಳಲು ಬಂದಿದ್ದೆ. ಶನಿವಾರ ಸಂಜೆಗೆ ಭತ್ತದ ಕೊಯ್ಲು ಮುಗಿದಿತ್ತು. ಕೊಯ್ದದ್ದು ಗದ್ದೆಯಲ್ಲೇ ಹಾಸಿತ್ತು. ಐತವಾರ ಬೆಳಿಗ್ಗೆ ಎದ್ದರೆ ದಕ್ಷಿಣಕ್ಕೆ ಮೋಡ ಕಟ್ಟಿದೆ. ಅಪ್ಪ ಮಿಲ್ಲಿನಿಂದಲೇ ಫೋನ್ ಮಾಡಿದರು.

"ಮಳಿ ಬರೂ ಹಂಗ ಐತಿ, ಇಲ್ಲಿ ಭಾಳ ಕಪ್ಪಾಗೇತಿ."

"ಕಾಕಾನ್ನ ಕರೀತೇನಿ. ಅವರ ಮನ್ಯಾಗ ಆರು ಮಂದಿ ಅದಾರ. ಮಧ್ಯಾಹ್ನದಾಗ ಹೊರಿ ಕಟ್ಟಿ ಬಣವಿ ಒಟ್ಟಬಹುದು."

"ಇವತ್ತ ಐತವಾರವಾ, ಅಂವ ಬರೂದಿಲ್ಲ. ಬಿಡು. ತೊಯ್ದ್ರ ತೊಯ್ತು."

ಗದ್ದೆಯ ಒಡೆಯನೇ ಬಿಡು ಅಂದಿದ್ದ. ಬಿಡದವಳು ನಾನು.

ಕಾಕಾ ಬಿಳಿ ಅಂಗಿಯಲ್ಲಿ ಕಟ್ಟೆಯ ಮೇಲೆ ಕೂತಿದ್ದರು. ರಸ್ತೆಯ ಆಚೆ ಚಹಾದಂಗಡಿ. ಅಲ್ಲಿ ಪಕ್ಕದ ಹೊಲದ ನಿಂಗನಗೌಡ್ರು ನಾಲ್ಕೈದು ಜನರೊಂದಿಗೆ ಕೂತಿದ್ದರು. ಗೌಡ್ರದು ಕಬ್ಬು, ಗೋವಿನಜೋಳ, ದೊಡ್ಡ ಕಮತ. ನಾನು ಮೆಲ್ಲಗೆ ಹೇಳಬಹುದಿತ್ತು. ಆದರೆ ಕೇಳುವ ಜನ ಇದ್ದಾರೆಂದು ಕಂಡೊಡನೆ ನನ್ನ ದನಿ ತಾನಾಗಿ ಏರಿತು. ಅದು ನನ್ನ ಅಭ್ಯಾಸ.

"ಮೋಡ ನೋಡಿದ್ರೇನು? ಬರ್ರಿ, ಭತ್ತ ಎತ್ತೂಣು."

"ನಾಳೆ ನಸುಕಿನ್ಯಾಗ ಬರ್ತೇನ್ರಿ ಅಕ್ಕಾರ. ಎತ್ತಿಲ್ಲದಿದ್ರೂ ತಲಿ ಮ್ಯಾಲೆ ಹೊತ್ತು ಹಾಕ್ತೇನಿ. ಇವತ್ತ ಆಗೂದಿಲ್ರಿ."

"ಮಳಿಗೆ ಐತವಾರ ಯಾವುದು, ಸೋಮವಾರ ಯಾವುದು ಗೊತ್ತೈತೇನು?"

ಚಹಾದಂಗಡಿಯಲ್ಲಿ ನಗು. ನನಗೆ ಅದು ಚಪ್ಪಾಳೆಯ ಹಾಗೆ ಕೇಳಿಸಿತು.

"ದೇವರು ಬ್ಯಾಡಂದಾನ್ರಿ" ಎಂದರು ಕಾಕಾ, ಸಣ್ಣ ದನಿಯಲ್ಲಿ.

"ಯಾವ ಕೆಲಸ ಬ್ಯಾಡಂದಾನ? ಕ್ಲಾರಾ ಕಾಕು ಮುಂಜಾನೆಯಿಂದ ಎಷ್ಟು ಕೊಡ ನೀರು ತಂದ್ರು? ಒಲಿ ಮುಂದ ಯಾರು ಕುಂತಾರ? ಅದು ಕೆಲಸ ಅಲ್ಲೇನು? ಹೆಂಗಸ್ರಿಗೆ ಐತವಾರ ಇಲ್ಲೇನು? ನಿಮ್ಮ ಪಾದ್ರಿಗಳನ್ನ ಕರಕೊಂಡು ಬಂದ ಜೀಪಿನ ಡ್ರೈವರ್ ಇವತ್ತ ಕೆಲಸ ಮಾಡಿಲ್ಲೇನು? ನಿಮ್ಮ ಒಬ್ಬರ ಸಲಿಕಿಗಷ್ಟ ದೇವರ ಅಡ್ಡಿ ಐತೇನು?"

ಗೌಡ್ರು ಗ್ಲಾಸು ಕೆಳಗಿಟ್ಟು ರಸ್ತೆ ದಾಟಿ ಬಂದರು. "ಅಬಬಬ! ವಕೀಲರಾಗ್ರಿ ನೀವು. ಹೇಳಲೇ ಬಸ್ತ್ಯಾಂವ, ಉತ್ತರ ಹೇಳು. ಈಗ ಯಾಕ ಬಾಯಿ ಬಂದ್ ಆತು?"

ಕಾಕಾ ನನ್ನ ಮುಖವನ್ನೇ ನೋಡುತ್ತಿದ್ದರು. ಕಣದ ಕಲ್ಲಿನ ಎದುರು ಕೂತು ಕೇಳುತ್ತಿದ್ದಾಗಿನ ಅದೇ ಗಮನ. ಆಮೇಲೆ ಬಾಗಿಲ ಕಡೆ ತಿರುಗಿ, ಒಲೆಯ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ ಹೆಂಡತಿಯನ್ನು ನೋಡಿದರು. "ನೀವು ಹೇಳೂದು ಖರೆ ಐತ್ರಿ" ಅಂದರು. ಒಳಗೆ ಹೋಗಿ ಬಿಳಿ ಅಂಗಿ ಬಿಚ್ಚಿಟ್ಟು, ಕೆಲಸದ ಅಂಗಿ ತೊಟ್ಟು ಬಂದರು. ಮನೆಯವರೂ ಹಿಂದೆ ಬಂದರು. ಅಷ್ಟೂ ಹೊತ್ತು ನಾನು ಒಮ್ಮೆಯೂ ಅವರನ್ನು ಕಾಕಾ ಎಂದು ಕರೆದಿರಲಿಲ್ಲ.

ಮಧ್ಯಾಹ್ನದೊಳಗೆ ಬಣವೆ ಎದ್ದಿತು. ಮೋಡ ಜೋಯಿಡಾ ಕಡೆ ಸರಿದು ಹೋಯಿತು. ಒಂದು ಹನಿ ಬೀಳಲಿಲ್ಲ.

ಮುಂದಿನ ತಿಂಗಳು ಅಂತರ ಕಾಲೇಜು ಸ್ಪರ್ಧೆಯಲ್ಲಿ ನನ್ನ ಪಾಲಿಗೆ ಬಂದ ವಿಷಯ: ಸಂಪ್ರದಾಯ ಪ್ರಗತಿಗೆ ತೊಡಕು. ನಾನು ಪರ. ಹೆಸರು ಹೇಳದೆ ಕಾಕಾನ ಕಥೆಯನ್ನೇ ಹೇಳಿದೆ. "ಮಳೆಗೆ ವಾರ ಗೊತ್ತಿದೆಯೇ?" ಅನ್ನುವ ಸಾಲಿಗೆ ಸಭೆ ಎದ್ದು ಕೂತಿತು. ಮಳೆ ಬಾರದ್ದನ್ನು ಹೇಳಲಿಲ್ಲ. ಶೀಲ್ಡು ಬಂತು. ಅದು ಈಗಲೂ ನಮ್ಮ ಕ್ವಾರ್ಟರ್ಸಿನ ಟೀವಿಯ ಮೇಲಿದೆ. ಅಮ್ಮ ಒರೆಸುತ್ತಾಳೆ, ನಾನು ಆ ಕಡೆ ನೋಡುವುದಿಲ್ಲ.

ಮತ್ತೆ ಅಲ್ಲಿಗೆ ಹೋದದ್ದು ಸಂಕ್ರಾಂತಿಯ ಹೊತ್ತಿಗೆ, ಒಂದು ಐತವಾರ. ಬಸ್ಸಿನಿಂದ ಇಳಿದಾಗ ಕಟ್ಟೆ ಖಾಲಿ. ಅದೊಂದೇ ಅಲ್ಲ, ಹನ್ನೆರಡೂ ಮನೆಗಳ ಮುಂದೆ ಗಂಡಸರಿರಲಿಲ್ಲ. ಕ್ಲಾರಾ ಕಾಕು ಒಬ್ಬರೇ ಕಾಳು ಹಸನು ಮಾಡುತ್ತಿದ್ದರು.

"ಕಾಕಾ ಎಲ್ಲಿ?"

"ಗೌಡ್ರ ಕಬ್ಬಿಗೆ ಹೋಗ್ಯಾರ."

"ಐತವಾರ?"

ಕಾಕು ಮೊರ ಕೆಳಗಿಟ್ಟರು. ಸಿಟ್ಟಿರಲಿಲ್ಲ ದನಿಯಲ್ಲಿ, ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. "ನೀವು ಹೋದ ಮುಂದಿನ ಐತವಾರನ ಗೌಡ್ರು ಬೈಕ್ ತಂದು ಇಲ್ಲಿ ನಿಲ್ಲಿಸಿ ಹಾರ್ನ್ ಹೊಡದ್ರು. ಮಿಲ್ಲಿನವರ ಅಕ್ಕಾರು ಹೇಳ್ಯಾರಲ್ಲೋ, ಮಳಿಗೆ ವಾರ ಇಲ್ಲಂತ. ಕಬ್ಬಿಗೂ ಇಲ್ಲ, ನಡಿ ಅಂದ್ರು. ಅವರ ಗದ್ದಿಗೆ ಐತವಾರ ಹೋಗಿ ನನ್ನ ಕಬ್ಬಿಗೆ ಬರೂದಿಲ್ಲ ಅಂದ್ರ ಹೆಂಗ ಅಂದ್ರು. ಏನ ಹೇಳೂದವಾ? ಒಬ್ಬರು ಹೋದ್ರು ಅಂದ ಮ್ಯಾಲೆ ಎಲ್ಲಾರನ್ನೂ ಕರದ್ರು."

"ಬರೂದಿಲ್ಲ ಅನ್ನಬೇಕಿತ್ತು."

"ಏನಂತ ಅನ್ನೂದು?" ಕಾಕು ನನ್ನನ್ನು ನೋಡಿದರು. "ನಮ್ಮ ಮಾವ ಒಡೆಯರ ಮನ್ಯಾಗ ದುಡದಾವ್ರು. ಜ್ವರ ಬಂದೈತಿ ಅಂದ್ರ ಹಣಿ ಮುಟ್ಟಿ ನೋಡಾಕ ಮಂದಿ ಕಳಸ್ತಿದ್ರಂತ. ಕೂಸಿಗೆ ಆರಾಮಿಲ್ಲ ಅಂದ್ರ ಕೂಸಿನ್ನ ತೋರಿಸು ಅಂತಿದ್ರಂತ. ದಣದೇನಿ ಅಂದ್ರ ಕೇಳಾವ್ರ ಇಲ್ಲ. ದೇವರು ಬ್ಯಾಡಂದಾನ ಅಂದ್ರ ಮಾತ್ರ ಸುಮ್ಮನಾಗ್ತಿದ್ರು. ದೇವರ ಹಣಿ ಮುಟ್ಟಿ ನೋಡಾಕ ಆಗೂದಿಲ್ಲಲ್ಲ. ಹಂಗಂತ ಮಾವ ಬಿಳಿ ಅಂಗಿ ಹೊಲಿಸಿ ಹಾದಿಗೆ ಕಾಣೂ ಹಂಗ ಕುಂತ್ರು. ಆಮ್ಯಾಲೆ ಇವರು ಕುಂತ್ರು. ಇಲ್ಲ ಅನ್ನಾಕ ನಮಗ ಇದ್ದದ್ದು ಅದೊಂದ ಮಾತವಾ."

ಡಿಬೇಟಿನಲ್ಲಿ ಖಂಡನೆಗೆ ಮೂರು ನಿಮಿಷ ಕೊಟ್ಟರೆ ಎರಡರಲ್ಲಿ ಮುಗಿಸುವವಳು ನಾನು. ಕಾಕು ಕೆಳಗಿಟ್ಟ ಮೊರವನ್ನು ಎತ್ತಿ ಅವರ ಕೈಗೆ ಕೊಟ್ಟೆ.

ಕಬ್ಬಿನ ಗದ್ದೆಗೆ ಹೋದೆ. ಕಾಕಾ ಸವರಿದ ಕಬ್ಬನ್ನು ಕಟ್ಟು ಕಟ್ಟುತ್ತಿದ್ದರು. ಕೈತುಂಬ ಕಬ್ಬಿನ ಸೋಗೆಯ ಗೀರುಗಳು. ನನ್ನನ್ನು ಕಂಡೊಡನೆ ಮುಖ ಅರಳಿತು.

"ಹೂಂ ಅಕ್ಕಾರ! ಇವತ್ತ ಪರಾನೋ ವಿರೋಧಾನೋ?"

"ಕಾಕಾ, ಅವತ್ತ ನಾ ತಪ್ಪು ಮಾಡಿದೆ. ಗೌಡ್ರ ಹತ್ರ ಹೋಗಿ ಮಾತಾಡ್ತೇನಿ. ಎಲ್ಲಾ ಪಾಯಿಂಟಿಗೂ ನಾನ ಉತ್ತರ ಕೊಡ್ತೇನಿ."

"ಬ್ಯಾಡ್ರಿ. ಪಾಯಿಂಟ್ ಕೇಳಿ ಏಳಾವ ನಾ ಒಬ್ಬಾಂವ. ಗೌಡ್ರು ಅಲ್ಲ" ಅಂದು ನಕ್ಕರು, ಈ ಸಲ ಮಾತು ಮುಗಿದ ಮೇಲೆ.

"ನೀವರ ಯಾಕ ಎದ್ರಿ?"

"ನೀವು ಅಂದದ್ದು ಖರೆ ಇತ್ತಲ್ರಿ. ಅಕಿ ಒಲಿ ಮುಂದ ಕುಂತಿದ್ದು ನಾ ಅಷ್ಟ ವರ್ಷ ನೋಡೇ ಇರಲಿಲ್ಲ. ಈಗ ಐತವಾರ ನೀರು ನಾನ ತರ್ತೇನಿ. ತಂದು ಇಲ್ಲಿಗೆ ಬರ್ತೇನಿ." ಹಗ್ಗ ಬಿಗಿದು ಗಂಟು ಹಾಕಿದರು. ಆಮೇಲೆ, ಬಹಳ ಸಂಕೋಚದಿಂದ: "ಒಂದ ಕೇಳ್ಲೇನ್ರಿ? ಸಿಟ್ಟಾಗಬ್ಯಾಡ್ರಿ. ನಿಮ್ಮ ಎತ್ತಿಗೆ ಸೋಮವಾರ ಐತಿ. ಯಾಕ ಅಂತ ಯಾರರೆ ಅದನ್ನ ಕೇಳ್ಯಾರೇನ್ರಿ?"

ನಾನು ಕೇಳಿರಲಿಲ್ಲ. ಎಲ್ಲವನ್ನೂ ಪ್ರಶ್ನಿಸುತ್ತೇನೆಂದು ಬೀಗುವ ನಾನು, ನಮ್ಮ ಮನೆಯ ಸೋಮವಾರವನ್ನು ಒಮ್ಮೆಯೂ ಕಟ್ಟೆಯ ಮುಂದೆ ನಿಲ್ಲಿಸಿ ಕೇಳಿರಲಿಲ್ಲ. ಆ ಮಳೆ ಬರಲೂ ಇಲ್ಲ, ಭತ್ತ ಹೇರಲು ಸೋಮವಾರ ಗಾಡಿ ಹೂಡಿದ್ದರೆ ಸಾಕಿತ್ತಲ್ಲ, ಐತವಾರ ಯಾರನ್ನೂ ಎಬ್ಬಿಸಬೇಕಾಗಿರಲಿಲ್ಲವಲ್ಲ ಅನ್ನುವುದು ಆಗಷ್ಟೇ ಹೊಳೆಯಿತು.

"ಇಲ್ಲ ಕಾಕಾ."

"ಹೋಗ್ಲಿ ಬಿಡ್ರಿ. ಇವತ್ತ ನಿಮಗ ಒಂದ ಮಾರ್ಕ್ ಜಾಸ್ತಿ" ಅಂದು ಕಟ್ಟು ತಲೆಯ ಮೇಲೆ ಎತ್ತಿಕೊಂಡರು. ಗೌಡ್ರ ಟ್ರ್ಯಾಕ್ಟರ್ ಕಾಯುತ್ತಿತ್ತು. ಅದೇ ನಮ್ಮ ಕೊನೆಯ ಮಾತು.

ಹೋದ ಮಳೆಗಾಲದಲ್ಲಿ ಕಾಕಾನಿಗೆ ಎದೆಯಲ್ಲಿ ಕಫ ಕಟ್ಟಿತು. ಒಂದು ಶನಿವಾರ ಮಧ್ಯಾಹ್ನ ತೀರಿಕೊಂಡರು. ಅಪ್ಪ, ನಾನು ಹೋಗುವಷ್ಟರಲ್ಲಿ ಸಂಜೆಯಾಗಿತ್ತು. ಕ್ಲಾರಾ ಕಾಕು ಬಾವಿಯ ಹತ್ತಿರ ಒಬ್ಬರೇ ಕೂತು ಕುಡಗೋಲು, ಕೊಡಲಿ, ಸಲಿಕೆ, ಗುದ್ದಲಿ ತಿಕ್ಕಿ ತೊಳೆಯುತ್ತಿದ್ದರು. ಯಾರೂ ಅವರನ್ನು ತಡೆಯಲಿಲ್ಲ. ತೊಳೆದವುಗಳನ್ನು ಹೊರಸಿನ ಕೆಳಗೆ ಇಟ್ಟರು. ಹೊರಸಿನ ಮೇಲೆ ಕಾಕಾ ಬಿಳಿ ಅಂಗಿಯಲ್ಲಿ ಮಲಗಿದ್ದರು.

ಐತವಾರ ಬೆಳಿಗ್ಗೆ ಕುಣಿ ತೋಡಬೇಕಾಗಿತ್ತು. ಸಲಿಕೆಯನ್ನೂ ಗುದ್ದಲಿಯನ್ನೂ ಗೋಣಿಚೀಲದ ಕೆಳಗಿಂದಲೇ ಎಳೆದು ತೆಗೆದರು. ಹನ್ನೆರಡು ಮನೆಯ ಗಂಡಸರೂ ಸರದಿಯ ಮೇಲೆ ತೋಡಿದರು. ಅಪ್ಪನೂ ಒಂದಷ್ಟು ಹೊತ್ತು ತೋಡಿದರು. ನಾನು ಕೈ ಚಾಚಿದೆ. ಕಾಕಾನ ಮಗ ಒಂದು ಕ್ಷಣ ನೋಡಿ, "ಬ್ಯಾಡ್ರಿ ಅಕ್ಕಾರ, ಇದು ನಮ್ಮ ಕೆಲಸ" ಅಂದ. ಗೌಡ್ರ ಬೈಕು ಬಂತು. ಜನರನ್ನು ನೋಡಿ ಹಾರ್ನ್ ಹೊಡೆಯದೆ ತಿರುಗಿ ಹೋಯಿತು. ಅಂದು ಯಾರೂ ಕಬ್ಬಿಗೆ ಹೋಗಲಿಲ್ಲ. ಯಾರೂ ಬಂದು ಹಣೆ ಮುಟ್ಟಿ ನೋಡಲಿಲ್ಲ.

ಆ ರಾತ್ರಿ ನಾನು ಕಾಕುವಿನ ಜೊತೆ ಉಳಿದೆ. ಬೆಳಿಗ್ಗೆ ಬೈಕಿನ ಹಾರ್ನ್ ಕೇಳಿ ಎಚ್ಚರವಾಯಿತು. ಕಾಕಾನ ಮಗ ಸಲಿಕೆ ಹೆಗಲಿಗಿಟ್ಟು ರಸ್ತೆಗೆ ಇಳಿಯುತ್ತಿದ್ದ. ನಾನು ಹಿತ್ತಲಿಗೆ ಹೋದೆ. ಕೊಟ್ಟಿಗೆಯಲ್ಲಿ ನಮ್ಮ ಎತ್ತುಗಳೆರಡೂ ಮಲಗಿ ಮೆಲುಕು ಹಾಕುತ್ತಿದ್ದವು. ಸೋಮವಾರ.