ಕೌದಿಯ ಹೊಟ್ಟೆ

ನನಗೆ ಎಣಿಸುವ ಚಟವಿದೆ. ಹತ್ತಿದ ಮೆಟ್ಟಿಲು, ಸುಲಿದ ಬೆಳ್ಳುಳ್ಳಿ, ಸೋದರಮಾವ ಮಾತಿನ ನಡುವೆ ಆಕಳಿಸಿದ್ದು, ಎಲ್ಲಕ್ಕೂ ನನ್ನ ದಿನಚರಿಯಲ್ಲಿ ಲೆಕ್ಕವುಂಟು. ಅದಿರಿನ ಲಾರಿಗಳು ಹೊಸಪೇಟೆಯನ್ನು ನಡುಗಿಸುತ್ತಿದ್ದ ವರ್ಷಗಳಲ್ಲಂತೂ ನನಗೆ ಹಬ್ಬ. ಅಮ್ಮ ಒಲೆಯ ಮೇಲೆ ನೀರಿಟ್ಟು ಅಕ್ಕಿ ಹಾಕುವಷ್ಟರಲ್ಲಿ ಮನೆ ಮುಂದೆ ಮೂವತ್ತೊಂದು ಲಾರಿ. ಸಂಡೂರಿನ ಗುಡ್ಡ ನಮ್ಮ ಬಾಗಿಲ ಮುಂದಿನಿಂದ ದಿನವೂ ಇಷ್ಟಿಷ್ಟೇ ಹಾದುಹೋಗುತ್ತಿತ್ತು. ಇಷ್ಟೆಲ್ಲ ಎಣಿಸುವವಳ ಕಣ್ಣು ತಪ್ಪಿಸಿ ಒಂದು ವಸ್ತು ಸಮುದ್ರ ದಾಟಿತೆಂದರೆ ನೀವು ನಂಬುವುದಿಲ್ಲ. ನಾನೂ ನಂಬಿರಲಿಲ್ಲ.

ಊರಿಗೆ ಊರೇ ಗುಡ್ಡ ಮಾರುತ್ತಿದ್ದಾಗ ನಾನು ಕೌದಿ ಮಾರಲು ಹೊರಟೆ. ಡಿಗ್ರಿ ಮುಗಿದಿತ್ತು, ಮನೆಯಲ್ಲಿ ಕಂಪ್ಯೂಟರಿತ್ತು, ಫೋನಿನ ತಂತಿ ಅದಕ್ಕೆ ಚುಚ್ಚಿದರೆ ಕಿರಿಕಿರಿ ಸದ್ದು ಮಾಡಿ ಇಂಟರ್ನೆಟ್ ಬರುತ್ತಿತ್ತು. ಅಲ್ಲಿ ಮನೆಯಲ್ಲೇ ಕುಳಿತು ಸಾಮಾನನ್ನು ಹರಾಜಿಗಿಡಬಹುದು, ಏಳು ದಿನ ಪರದೇಶದವರು ಕೂಗುತ್ತಾರೆ, ಹೆಚ್ಚು ಕೂಗಿದವರಿಗೆ ಪಾರ್ಸೆಲ್ ಕಳಿಸಬೇಕು ಎಂದು ಅಮ್ಮನಿಗೆ ವಿವರಿಸಿದೆ. ಅಮ್ಮ ಹೌಹಾರಿದಳು. "ಮಾನ ಹರಾಜಾಗೂದು ಕೇಳೀನಿ, ಮರ್ಯಾದಿ ಹರಾಜಾಗೂದು ನೋಡೀನಿ. ಹೊದಿಯೂ ಕೌದಿ ಹರಾಜಿಗಿಡೂ ಮನಿ ಇದೊಂದೇ ನೋಡವ್ವ!"

ನಮ್ಮ ಕೌದಿಗಳನ್ನೆಲ್ಲ ಹೊಲಿದವಳು ಮಲಪನಗುಡಿಯ ಗಂಗಜ್ಜಿ. ಹಳೆಯ ಸೀರೆಗಳನ್ನು ಹರಿದು, ಪದರದ ಮೇಲೆ ಪದರವಿಟ್ಟು, ಗೆರೆ ಹಾಕದೆ ಗೆರೆ ಹಾಕಿದಂತೆ ಹೊಲಿಯುತ್ತಾಳೆ. ಮಂಡಿನೋವಿನಿಂದ ಗದ್ದೆಯ ಕೆಲಸ ಬಿಟ್ಟಿದ್ದಳು. ಮನೆಯಲ್ಲಿ ಸೊಸೆ ಪಾತ್ರೆಯನ್ನು ಕುಕ್ಕಿ ಇಡುವ ಸದ್ದಿನಲ್ಲೇ ತನ್ನ ಬೆಲೆ ತಿಳಿಯುತ್ತದೆ ಎನ್ನುತ್ತಿದ್ದಳು. ಮಾರಲೆಂದೇ ಅವಳಿಂದ ಒಂದು ಕೌದಿ ಹೊಲಿಸಿದೆ; ಅದು ಮಾರಿದರೆ ಇನ್ನೂ ಆರು ಬೇಕು ಎಂದೆ. ಮರುವಾರ ಹೋದಾಗ ಮೂರು ಓಣಿಯ ಹಳೆ ಸೀರೆಗಳು ಅವಳ ಪಡಸಾಲೆಯಲ್ಲಿ ರಾಶಿ ಬಿದ್ದಿದ್ದವು, ಸೊಸೆ ಅವಳಿಗೆ ಚಹಾ ತಂದುಕೊಟ್ಟಳು.

ಕೌದಿಯ ವಿವರ ಬರೆಯಲು ನನಗೆ ನಾಲ್ಕು ದಿನ ಹಿಡಿಯಿತು. ತುಂಡುಗಳು ಇನ್ನೂರ ಹದಿನಾಲ್ಕು. ಸೀರೆಗಳು ಹನ್ನೊಂದು, ಅದರಲ್ಲಿ ಒಂದು ಕಂಪ್ಲಿಯ ದೊಡ್ಡಮ್ಮನ ಸೀಮಂತದ್ದು. ಬಿಳಿ ತುಂಡುಗಳನ್ನು ಹೊಲಿಯುವ ಮೊದಲೇ ಮೂರು ಸಲ ಒಗೆದಿದ್ದರೂ ಅದಿರಿನ ಕೆಂಪು ಧೂಳು ಬಿಟ್ಟಿರಲಿಲ್ಲ. ಬಣ್ಣದ ಜಾಗದಲ್ಲಿ ಪ್ರಾಮಾಣಿಕವಾಗಿ 'ಹೊಸಪೇಟೆಯ ಬಿಳಿ' ಎಂದು ಬರೆದೆ. ಕೊನೆಗೊಂದು ಜಂಬದ ವಾಕ್ಯ: ಈ ಕೌದಿಯಲ್ಲಿ ಇರುವುದೆಲ್ಲ ಈ ಪಟ್ಟಿಯಲ್ಲಿದೆ.

ಹಂಪಿಯ ಬಜಾರಿನಲ್ಲಿ ಮುತ್ತು ಮಾರಿದ್ದನ್ನು, ಕುದುರೆ ಮಾರಿದ್ದನ್ನು ಹಿಂದಿನ ಪರದೇಶಿ ಯಾತ್ರಿಕರು ಬೆರಗಾಗಿ ಬರೆದಿಟ್ಟಿದ್ದಾರೆ. ಆ ಮುತ್ತು ಮಾರುವವರು ಮನೆಗೆ ಹೋಗಿ ಏನು ಹೊದ್ದು ಮಲಗುತ್ತಿದ್ದರೋ ಯಾರೂ ಬರೆದಂತಿಲ್ಲ. ಆದರೆ ಅವರಿಗೊಂದು ಸುಖವಿತ್ತು. ಕೊಳ್ಳುವವನು ಎದುರಿಗೇ ನಿಂತಿರುತ್ತಿದ್ದ, ಮುಟ್ಟಿ ನೋಡುತ್ತಿದ್ದ, ಬೈಯುವುದಿದ್ದರೆ ಅಲ್ಲೇ ಬೈದು ಹೋಗುತ್ತಿದ್ದ. ನನ್ನ ಬಜಾರಿನಲ್ಲಿ ಕೊಂಡವರು ಆಮೇಲೆ ಒಂದು ಅಭಿಪ್ರಾಯ ಬರೆದು ಹೋಗುತ್ತಾರೆ, ಅದು ಜಗತ್ತಿಗೆಲ್ಲ ಕಾಣುತ್ತದೆ. ಹೊಸಬಳ ಮೊದಲ ಅಭಿಪ್ರಾಯವೇ ಕೆಟ್ಟದಾದರೆ ಎರಡನೆಯ ಕೌದಿಯನ್ನು ಯಾರೂ ಕೇಳುವುದಿಲ್ಲ.

ಏಳನೆಯ ದಿನ, ಹದಿನೇಳನೆಯ ಕೂಗಿಗೆ, ಸ್ಕಾಟ್ಲೆಂಡಿನ ಒಬ್ಬ ನಿವೃತ್ತ ಶಿಕ್ಷಕಿ ಕೌದಿ ಗೆದ್ದರು. ಪಾರ್ಸೆಲ್ ಹೋದ ಇಪ್ಪತ್ತಾರನೆಯ ದಿನ ಕಂಪ್ಯೂಟರಿಗೆ ಅವರ ಪತ್ರ ಬಂತು. ಕೌದಿ ಚೆಂದವಿದೆ, ಆದರೆ ಒಂದು ಮೂಲೆಯಲ್ಲಿ ಏನೋ ಗಟ್ಟಿಯಾಗಿದೆ, ಒತ್ತಿದರೆ ಮುರಿಯುವ ಸದ್ದು, ಇದು ನಿಮ್ಮ ಪಟ್ಟಿಯಲ್ಲಿಲ್ಲ, ಬಿಚ್ಚಲು ಹೆದರಿಕೆಯಾಗುತ್ತದೆ, ಏನೆಂದು ದಯವಿಟ್ಟು ತಿಳಿಸಿ.

ಪತ್ರವನ್ನು ನಾಲ್ಕು ಸಲ ಓದಿದೆ. ಪಟ್ಟಿಯಲ್ಲಿಲ್ಲದ ವಸ್ತು! ಅದಿರಿನ ಕಲ್ಲೇ? ಯಾರೋ ಮಾಟ ಮಾಡಿಸಿದ್ದೇ? ಸಿಕ್ಕ ಆಟೋ ಹತ್ತಿ ಮಲಪನಗುಡಿಗೆ ಓಡಿದೆ.

"ಗಂಗಜ್ಜೀ, ಕೌದಿ ಮೂಲ್ಯಾಗ ಏನಿಟ್ಟೀ?"

ಅಜ್ಜಿ ಸೂಜಿಯಿಂದ ತಲೆ ಎತ್ತಲಿಲ್ಲ. "ರೊಟ್ಟಿ. ಇನ್ನೇನು ಇಡ್ತಾರ?"

"ರೊಟ್ಟೀನಾ!"

"ಒಂದು ಚೂರು ಖಡಕ್ ಜ್ವಾಳದ ರೊಟ್ಟಿ. ಒಗದ್ರ ನೆನೀಬಾರ್ದಂತ ಮೇಣದ ಬಟ್ಟ್ಯಾಗ ಸುತ್ತಿ, ಕಡೀ ಮೂಲಿ ಮುಚ್ಚೂ ಮೊದಲು ಇಡಬೇಕು. ಹಸಿದ ಕೌದಿ ಹೊದಕೊಂಡ್ರ ನಿದ್ದಿ ಹತ್ತತೈತೇನು? ನಿನ್ನ ಕೌದ್ಯಾಗೂ ಐತಿ, ಹೋಗಿ ಒತ್ತಿ ನೋಡು." ಆಮೇಲೆ ನನ್ನ ಮುಖ ನೋಡಿ ನಕ್ಕಳು. "ಅಲ್ಲಬೇ, ಹೊಲಿಗಿ ಎಣಿಸ್ದಿ, ತುಂಡು ಎಣಿಸ್ದಿ. ಅದು ಉಂಡೈತೋ ಇಲ್ಲೋ ಕೇಳಲೇ ಇಲ್ಲ!"

"ನಗಬ್ಯಾಡಜ್ಜಿ. ಆಕಿ ವಾಪಸ್ ಕಳಿಸಿದ್ರ ನಮ್ಮ ಅಂಗಡಿ ಮುಗೀತು. ಈ ಆರರಾಗಾದ್ರೂ ರೊಟ್ಟಿ ಇಡಬ್ಯಾಡ."

ಸೂಜಿ ನಿಂತಿತು. ಒಳಗೆ ಸೊಸೆಯ ಪಾತ್ರೆಯ ಸದ್ದೂ ನಿಂತಿತು. "ವಾಪಸ್ ಬಂದ್ರ ಬರ್ಲಿ, ನಾನು ಹೊದಕೊಂತೀನಿ. ಉಪವಾಸ ಕೌದಿ ಮಾತ್ರ ಈ ಕೈಲಿ ಹೊಲಿಯಂಗಿಲ್ಲ. ಬ್ಯಾಡಂದ್ರ ಸೀರಿ ಎಲ್ಲಾ ಒಯ್ಯವ್ವ."

ಮನೆಗೆ ಬಂದು ನನ್ನ ಕೌದಿಯ ಮೂಲೆ ಒತ್ತಿದೆ. ಚರ್ ಎಂದಿತು. ಹದಿನಾರು ವರ್ಷ ಒಂದು ರೊಟ್ಟಿಯ ಜೊತೆ ಮಲಗಿದ್ದೇನೆ, ಲೆಕ್ಕಕ್ಕೆ ಸಿಕ್ಕಿಲ್ಲ! ಶಿಕ್ಷಕಿಗೆ ಎರಡು ಉತ್ತರ ಬರೆದೆ. ಮೊದಲನೆಯದರಲ್ಲಿ ಅದು ಗಟ್ಟಿತನಕ್ಕೆ ಇಟ್ಟ ದಪ್ಪ ಬಟ್ಟೆ ಎಂದಿದ್ದೆ. ಓದಿದೆ, ಅಜ್ಜಿಯ ನಿಂತ ಸೂಜಿ ನೆನಪಾಯಿತು, ಅಳಿಸಿದೆ. ಎರಡನೆಯದರಲ್ಲಿ ರೊಟ್ಟಿಯನ್ನು ರೊಟ್ಟಿಯೆಂದೇ ಬರೆದು, ಹಸಿವಿನ ಮಾತನ್ನೂ ತಿಳಿಸಿ, ಬೇಡವಾದರೆ ಮರಳಿಸಬಹುದು ಎಂದೆ. ಆಮೇಲೆ ಐದು ದಿನ ಉತ್ತರವಿಲ್ಲ. ಆ ಐದು ದಿನ ಲಾರಿ ಎಣಿಸಲಿಲ್ಲ; ದಿನಚರಿಯ ಪುಟ ಖಾಲಿ.

ಆರನೆಯ ದಿನ ಅಭಿಪ್ರಾಯ ಬಂತು, ಜಗತ್ತಿಗೆಲ್ಲ ಕಾಣುವಂತೆ: ಪಟ್ಟಿಯಲ್ಲಿ ಬರೆದದ್ದಕ್ಕಿಂತ ಹೆಚ್ಚು ಬಂದಿದೆ. ಜೊತೆಗೆ ನನಗೊಬ್ಬಳಿಗೇ ಒಂದು ಪ್ರಶ್ನೆ: ಇದಕ್ಕೆ ಮತ್ತೆ ಯಾವಾಗ ಉಣಿಸಬೇಕು?

ಪ್ರಶ್ನೆಯನ್ನು ಮಲಪನಗುಡಿಗೆ ಒಯ್ದೆ. ಅಜ್ಜಿ ಗಂಭೀರವಾಗಿ ಯೋಚಿಸಿದಳು. "ಹೊದಕೊಂಡಾಕಿ ಉಂಡು ಮಲಗಿದ್ರ ಸಾಕು, ಅದಕ್ಕ ಮುಟ್ಟತೈತಿ ಅಂತ ಬರಿ. ಆ ಯವ್ವ ಒಬ್ಬಾಕೀನ ಅದಾಳೇನು? ಜಲ್ದಿ ಉಣ್ಣು ಅಂತ ಹೇಳು." ಮಾತು ಮುಗಿಯುವ ಮೊದಲೇ ಸೂಜಿಗೆ ದಾರ ಪೋಣಿಸಲು ನನ್ನ ಕೈಗೆ ಕೊಟ್ಟಳು.

ಎರಡನೆಯ ಕೌದಿಯ ಪಟ್ಟಿ ಒಂದೇ ದಿನದಲ್ಲಿ ಮುಗಿಯಿತು. ಸೀರೆಗಳು ಒಂಬತ್ತು. ತುಂಡುಗಳು ಸುಮಾರು ಇನ್ನೂರು. 'ಸುಮಾರು' ಎಂಬ ಪದವನ್ನು ನಾನು ಬರೆದದ್ದು ಜನ್ಮದಲ್ಲಿ ಅದೇ ಮೊದಲು. ಬಣ್ಣ, ಹೊಸಪೇಟೆಯ ಬಿಳಿ ಮತ್ತು ಇತರ. ಕೊನೆಯ ಸಾಲಿನಲ್ಲಿ: ಹೊಟ್ಟೆ, ತುಂಬಿದೆ.