ಕೊನೆಯ ಹಾಳೆ ಕತ್ತರಿಸಿದವಳು

ನಮ್ಮ ಬೀದಿಯ ಟೈಲರಕ್ಕನಿಗೆ ಪತ್ತೇದಾರಿ ಕಾದಂಬರಿ ಎಂದರೆ ಪ್ರಾಣ. ಗಂಡ ತೀರಿಕೊಂಡ ಮೇಲೆ ಹೊಲಿಗೆ ಅಂಗಡಿಯನ್ನೂ, ಮದುವೆಯಾಗದೆ ಉಳಿದ ನಾದಿನಿಯನ್ನೂ ಅವಳೇ ನೋಡಿಕೊಂಡಳು. ಸಂಜೆ ಮಿಷನ್ ನಿಲ್ಲಿಸಿ ಅವಳು ಗಟ್ಟಿಯಾಗಿ ಓದುವಳು; ಓದು ಬಾರದ ನಾದಿನಿ ಗುಂಡಿ ಹೊಲಿಯುತ್ತ ಕೇಳುವಳು. ಪುಸ್ತಕ ಮುಗಿಯಿತೋ, ಟೈಲರಕ್ಕನ ಬಾಯಿಗೆ ಬೀಗ. ಇನ್ನೊಂದು ಸಿಗುವವರೆಗೆ ಹೂಂ, ಉಹೂಂ ಅಷ್ಟೇ.

ನಾನು ಗ್ರಂಥಾಲಯ ಗುಡಿಸುವವಳು. ಯಜಮಾನರು ಹೋದ ಮೇಲೆ ಹಿಡಿದ ಕೆಲಸ. ಒಂದು ದಿನ ಟೈಲರಕ್ಕ ಬಂದು ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದಳು. ಕೊನೆಯ ಹಾಳೆಯನ್ನು ಯಾರೋ ಕತ್ತರಿಸಿದ್ದರು. ಮುಂದೆ ಒಯ್ದ ಪುಸ್ತಕಗಳದೂ ಅದೇ ಪಾಡು.

"ನಿಮಗಿಂತ ಮುಂಚೆ ಓದಿದೋರ ಕೆಲಸ ಇರ್ಬೇಕಮ್ಮಾ," ಎಂದರು ಗ್ರಂಥಪಾಲಕರು.

"ನಾನೇ ಹಿಡಿತೀನಿ ಬಿಡಿ. ಇಷ್ಟೆಲ್ಲ ಓದಿದ್ದು ಯಾತಕ್ಕೆ?"

ಅಂದಿನಿಂದ ಪೇಪರ್ ಓದಲು ಬರುವ ಮೇಷ್ಟ್ರ ಮೇಲೆ ಅವಳ ಕಣ್ಣು.

"ಜೇಬು ತೋರಿಸ್ಬೇಕೇನಮ್ಮಾ?" ಎಂದು ಅವರು ರೇಗಿಸುವರು.

"ಹೊತ್ತು ಬಂದಾಗ ತೋರಿಸೋರಂತೆ."

ಅಂಗಡಿಯಲ್ಲಿ ಮಾತ್ರ ಆಗ ಮಾತೇ ಮಾತು. ಕೊಂದವರು ಯಾರೆಂದು ಅತ್ತಿಗೆ ನಾದಿನಿಯರಿಗೆ ಜಗಳ.

"ಅಡುಗೆಯವನೇ ಅತ್ತಿಗೆ, ಬರೆದಿಟ್ಕೊಳ್ಳಿ!"

"ನಿನ್ನ ತಲೆ! ಜಿರಳೆ ಕಂಡ್ರೆ ಮೇಜು ಹತ್ತೋನು ಅವನು."

ಅವರ ನಗು ಬೀದಿಗೆಲ್ಲ ಕೇಳುತ್ತಿತ್ತು.

ಕಾದಂಬರಿಗಳಲ್ಲಿ ಎಲ್ಲರನ್ನೂ ಒಂದೇ ಕೋಣೆಗೆ ಕರೆದು ಕಳ್ಳನನ್ನು ತೋರಿಸುತ್ತಾರಂತೆ. ಟೈಲರಕ್ಕನೂ ನಮ್ಮನ್ನೆಲ್ಲ ಗ್ರಂಥಾಲಯಕ್ಕೆ ಕರೆದಳು. ನಾದಿನಿ ಬಾಗಿಲ ಬಳಿ ನಿಂತಳು. ಮೇಷ್ಟ್ರ ಹೆಸರು ಹೇಳುವ ಮುನ್ನ ಟೈಲರಕ್ಕ ಕಿಟಕಿಯ ಬೆಳಕಿನಲ್ಲಿ ಪುಸ್ತಕ ಬಿಚ್ಚಿ, ಕತ್ತರಿಸಿ ಉಳಿದ, ಗರಗಸದಂತಿದ್ದ ಅಂಚಿನ ಮೇಲೆ ಬೆರಳಾಡಿಸಿದಳು. ಅಷ್ಟು ದಿನ ಜನರ ಮುಖ ನೋಡಿದ್ದಳೇ ಹೊರತು ಆ ಅಂಚನ್ನು ನೋಡಿರಲಿಲ್ಲ. ಗೆದ್ದ ಹುರುಪಿನಲ್ಲಿ ನಾಲಿಗೆ ಮುಂದೆ ಓಡಿತು.

"ಹಲ್ಲಿನ ಕತ್ತರಿ! ಬಟ್ಟೆ ನೂಲು ಬಿಡದ ಹಾಗೆ ಕತ್ತರಿಸೋದು. ಊರಲ್ಲಿ ನನ್ನ ಅಂಗಡೀಲೊಂದೇ ಇರೋದು. ಅದನ್ನ ಮುಟ್ಟೋದು ನಾನು, ಬಿಟ್ರೆ ನಮ್ಮ..."

ಎಲ್ಲರೂ ಬಾಗಿಲ ಕಡೆ ತಿರುಗಿದೆವು.

"ಪುಸ್ತಕ ಹಾಳಾಗ್ಬಾರ್ದು, ಎಳೆ ಬಿಡ್ಬಾರ್ದು ಅಂತ ಅದರಲ್ಲೇ ಕತ್ತರಿಸ್ದೆ," ಎಂದಳು ನಾದಿನಿ, ಕಾಗದಕ್ಕೂ ಎಳೆಗಳಿರುವಂತೆ. "ಕಥೆ ಮುಗಿದ್ರೆ ನೀವು ಮಾತಾಡಲ್ಲ ಅತ್ತಿಗೆ."

"ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ್ಯಲ್ಲಮ್ಮಾ!" ಎಂದರು ಮೇಷ್ಟ್ರು. ಕೋಣೆಯೆಲ್ಲ ನಕ್ಕಿತು. ನಾಚಿಕೆ ಮುಚ್ಚಿಕೊಳ್ಳಲು ಟೈಲರಕ್ಕನೂ ನಕ್ಕುಬಿಟ್ಟಳು. ಹಾಳೆ ಹೋದದ್ದಕ್ಕಿಂತ ಆ ನಗುವೇ ಕೆಟ್ಟದ್ದಾಯಿತು.

ನಾದಿನಿ ಮರುದಿನವೇ ತನ್ನ ಅಕ್ಕನ ಮನೆಗೆ ಹೊರಟುಹೋದಳು. ಟೈಲರಕ್ಕ ಕರೆಯಲು ಹೋದರೆ, "ಇಲ್ಲೇ ಚೆನ್ನಾಗಿದೀನಿ ಅತ್ತಿಗೆ," ಎಂದಳಂತೆ. ಅಷ್ಟೇ ಮಾತು.

ಗುಂಡಿ ಡಬ್ಬಿಯ ತಳದಲ್ಲಿ ಆ ಹಾಳೆಗಳು ಒಂದೂ ಸುಕ್ಕಾಗದೆ ಇದ್ದವು. ಟೈಲರಕ್ಕ ತಂದುಕೊಟ್ಟಳು. ನಾನು ಗೋಂದು ಹಚ್ಚಿ ಅಂಟಿಸುತ್ತ ಕೂತೆ. ಅವಳು ಗೋಡೆ ನೋಡುತ್ತಿದ್ದಳು.

"ಓದಿದೆಯೇನೇ? ಕೊಂದದ್ದು ಯಾರಂತೆ?" ಎಂದು ಕೇಳಿದೆ.

"ಓದ್ಲಿಲ್ಲಮ್ಮಾ," ಎಂದಳು. "ಅಡುಗೆಯವನೇ ಇರ್ಲಿ ಬಿಡಿ."