ಅಂಚೆಚೀಟಿಯಲ್ಲಿ ಕಂಡ ಉಪ್ಪರಿಗೆ

ಸಾವು ನಡೆದ ಮನೆಯ ಮಗುವಿನ ಕೈಯಿಂದ ಕತ್ತರಿ ತೆಗೆದಿಡಿಸುವ ಅಧಿಕಾರವನ್ನು ನಿಮಗೆ ಕೊಟ್ಟವರು ಯಾರು? ಅಂಥ ಕೆಲಸ ತಾವು ಮಾಡಿಲ್ಲವೆಂದು ನೀವು ಹೇಳಬಹುದು. ಒಪ್ಪುತ್ತೇನೆ. ಕಿತ್ತುಕೊಳ್ಳುವವರು ಯಾರೂ ಇಲ್ಲ. "ಈ ವರ್ಷ ಬೇಡ, ಬರುವ ವರ್ಷ ನೋಡುವಾ" ಎಂದು ಮೆತ್ತಗೆ ಹೇಳುವವರಷ್ಟೇ ಇದ್ದೇವೆ. ಆ ಮೆತ್ತನೆಯ ಮಾತು ಒಂದು ಮಗುವಿನ ಮೇಲೆ ಬೀಳುವುದನ್ನು ಗಲ್ಫ್ ನಾಡಿನ ರಿಫಾ ಪಟ್ಟಣದ ನನ್ನ ಫ್ಲ್ಯಾಟಿನ ಹಾಲಿನಲ್ಲಿಯೇ ನಿಂತು ನೋಡಿದ್ದೇನೆ.

ದೀಪಾವಳಿಗೆ ಮುಂಚಿನ ಶುಕ್ರವಾರಗಳಲ್ಲಿ ಅಕ್ಕಪಕ್ಕದ ಕಟ್ಟಡಗಳ ಕರಾವಳಿಯ ಮಕ್ಕಳು ಗೂಡುದೀಪ ಮಾಡಲು ನನ್ನಲ್ಲಿಗೆ ಬರುತ್ತಾರೆ. ಹಿಂದೂ, ಕ್ರೈಸ್ತ, ಬ್ಯಾರಿ ಮುಸ್ಲಿಂ ಮನೆಗಳ ಮಕ್ಕಳು ಒಂದೇ ಚಾಪೆಯ ಮೇಲೆ ಕೂರಬೇಕೆಂಬುದು ನನ್ನ ಹಠ. ಬಿದಿರುಕಡ್ಡಿ ಸೀಳಿ ಚೌಕಟ್ಟು ಕಟ್ಟಿಕೊಡುತ್ತಿದ್ದವರು ಮೇಲಿನ ಮಹಡಿಯ ನೆರೆಯವರು, ಹೋಟೆಲೊಂದರ ಅಡುಗೆಯವರು. ಆ ವರ್ಷದ ಬೇಸಿಗೆಯಲ್ಲಿ ಅವರು ಇದ್ದಕ್ಕಿದ್ದಂತೆ ತೀರಿಕೊಂಡರು. ಸಲ್ಮಾನಿಯಾ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಅವರ ಹೆಂಡತಿ ಶವದೊಂದಿಗೆ ಊರಿಗೆ ಹೋದರು. ಮಗಳ ಪಾಸ್‌ಪೋರ್ಟ್ ನವೀಕರಣಕ್ಕೆ ಹೋಗಿತ್ತು. ನಾಲ್ಕನೆಯ ತರಗತಿಯ ಆ ಹುಡುಗಿ ನನ್ನ ಮನೆಯಲ್ಲಿ ಉಳಿದಳು. ತಂದೆಯ ಬೊಜ್ಜವನ್ನು, ಅಂದರೆ ಉತ್ತರಕ್ರಿಯೆಯನ್ನು, ಅವಳು ನನ್ನ ಸೋಫಾದ ಮೇಲೆ ಕುಳಿತು ಫೋನಿನ ಪರದೆಯಲ್ಲಿ ನೋಡಿದಳು. ಚಿತ್ರ ನಡುನಡುವೆ ನಿಲ್ಲುತ್ತಿತ್ತು. ಕೊನೆಗೆ ಒಂದು ಬಾಳೆಲೆಯ ಮೇಲೆ ನಿಂತದ್ದು ಮತ್ತೆ ಕದಲಲಿಲ್ಲ.

ತಾಯಿ ಮರಳುವಾಗ ತಮ್ಮ ಅತ್ತೆಯನ್ನು ವಿಸಿಟ್ ವೀಸಾದಲ್ಲಿ ಕರೆತಂದರು. ಮಗನನ್ನು ಕಳೆದುಕೊಂಡ ಹೆತ್ತಮ್ಮ. ಅಜ್ಜಿಯ ಮಾತು ಖಚಿತವಾಗಿತ್ತು: ವರ್ಷ ತುಂಬುವವರೆಗೆ ಹಬ್ಬವಿಲ್ಲ, ಗೂಡುದೀಪ ಮುಟ್ಟುವಂತಿಲ್ಲ.

ಆ ದಿನಗಳಲ್ಲಿಯೇ ಕಚೇರಿಯ ಪೋಸ್ಟ್ ಬಾಕ್ಸಿಗೆ ಒಂದು ಲಕೋಟೆ ಬಂತು. ಕೆಲವು ವರ್ಷ ನನ್ನ ಪಕ್ಕದ ಮೇಜಿನಲ್ಲಿದ್ದು ಸ್ವದೇಶಕ್ಕೆ ಮರಳಿದ ಮೆಕ್ಸಿಕೊದ ಸಹೋದ್ಯೋಗಿ ಶುಭಾಶಯ ಕಳುಹಿಸಿದ್ದಳು. ಲಕೋಟೆಯ ಮೇಲಿನ ಅಂಚೆಚೀಟಿ ಅವರ ನಾಡಿನ ಕಾಗದ ಕತ್ತರಿಸುವ ಕಲೆಯ ಗೌರವಕ್ಕೆ ಹೊರಬಂದದ್ದು. ಗುಲಾಬಿ ಬಣ್ಣದ ತೆಳುಕಾಗದದ ಪತಾಕೆ. ಅದರಲ್ಲಿ ಕೊರೆದ ಎದುರುಬದುರು ಹಕ್ಕಿಗಳು, ಚೆಂಡುಹೂ, ನಡುವೆ ನಗುವ ಒಂದು ತಲೆಬುರುಡೆ. ಸತ್ತವರು ಮನೆಗೆ ಬರುವ ದಿನ ಇಂಥ ಕಾಗದಗಳನ್ನು ಸಾಲಾಗಿ ಕಟ್ಟುತ್ತಾರೆ, ಅವು ಅಲುಗಾಡಿದರೆ ಬಂದರೆಂದು ತಿಳಿಯುತ್ತಾರೆ ಎಂದು ಅವಳು ಹಿಂದೊಮ್ಮೆ ಹೇಳಿದ್ದಳು. ಇದನ್ನು ನಾನು ಆ ಹುಡುಗಿಗೆ ವಿವರಿಸಿದೆ. ಅವಳು ಬಹಳ ಹೊತ್ತು ಅಂಚೆಚೀಟಿಯನ್ನೇ ನೋಡಿದಳು.

"ಹಾಗಾದ್ರೆ ಇದು ಫೆಸ್ಟಿವಲ್‌ದು ಅಲ್ಲ ಅಲ್ವಾ ಆಂಟಿ? ನಾನು ಕಟ್ ಮಾಡ್ಬಹುದು."

ಮುಂದಿನ ಶುಕ್ರವಾರ ಬೆಳಿಗ್ಗೆ ತಾಯಿ ಡ್ಯೂಟಿಗೆ ಹೋಗುವ ಮುನ್ನ ಮಗಳನ್ನು ನನ್ನ ಬಾಗಿಲಲ್ಲಿ ಬಿಟ್ಟು, ಅತ್ತೆಗೆ ತಾವು ತಿಳಿಸಿಲ್ಲವೆಂದು ಹೇಳಿ, ಕಣ್ಣು ತಗ್ಗಿಸಿಕೊಂಡು ಹೋದರು. ಹುಡುಗಿ ಚಾಪೆಯ ಮೂಲೆಯಲ್ಲಿ ಕುಳಿತು ಗುಲಾಬಿ ಕಾಗದವನ್ನು ಮಡಿಸಿ, ಲಕೋಟೆಯನ್ನು ಮುಂದಿಟ್ಟುಕೊಂಡು ಕತ್ತರಿಸತೊಡಗಿದಳು. ಆ ಕೆಲಸ ಸೂಕ್ಷ್ಮದ್ದು. ತುಂಡುಗಳು ಒಂದನ್ನೊಂದು ಹಿಡಿದುಕೊಂಡೇ ಇರಬೇಕು. ನಡುವಿನ ಎಳೆಯೊಂದು ತುಂಡಾದರೆ ಹಕ್ಕಿ ಕಳಚಿ ಬೀಳುತ್ತದೆ.

ಸ್ವಲ್ಪ ಹೊತ್ತಿನಲ್ಲಿ ನನ್ನ ಶುಕ್ರವಾರದ ತರಗತಿಯ ವಾಟ್ಸಾಪ್ ಗುಂಪಿಗೆ, ಆಗಷ್ಟೇ ಮಗನನ್ನು ಬಿಟ್ಟುಹೋಗಿದ್ದ ಒಬ್ಬ ತಾಯಿಯ ಸಂದೇಶ ಬಂತು. ಸೂತಕದ ಮನೆಯ ಮಗು ಮುಟ್ಟಿದ ಗೂಡುದೀಪವನ್ನು ತಮ್ಮ ಬಾಗಿಲಿಗೆ ಕಟ್ಟುವುದು ಹೇಗೆ, ಟೀಚರ್ ತಿಳಿಸಬೇಕು ಎಂದು ಅದರಲ್ಲಿತ್ತು. ನಾನು ಉತ್ತರ ಟೈಪು ಮಾಡುತ್ತಿರುವಾಗಲೇ ಬೆಲ್ ಆಯಿತು. ಅದೇ ತಾಯಿ ಅಜ್ಜಿಗೂ ಫೋನ್ ಮಾಡಿದ್ದರು.

ಅಜ್ಜಿ ಒಳಗೆ ಬಂದು ಚಾಪೆಯ ಅಂಚಿನಲ್ಲಿ ನಿಂತರು.

"ಕತ್ತರಿ ಇಡು ಮಗಾ. ಹೋಗುವಾ."

ಹುಡುಗಿ ತಲೆ ಎತ್ತಲಿಲ್ಲ. ಕತ್ತರಿ ಹಕ್ಕಿಯ ಕೊರಳಿನ ಬಳಿ ಇತ್ತು.

ಎದುರಾಳಿಯ ಪ್ರಬಲ ಅಂಶವನ್ನು ಮೊದಲು ಒಪ್ಪಿಕೋ, ಅನಂತರ ಅದರ ಬುಡವನ್ನು ಅಲುಗಿಸು ಎಂಬುದು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತ ವಿದ್ಯೆ. ಹಾಗೆಯೇ ಆರಂಭಿಸಿದೆ. ಹಿರಿಯರ ಆಚರಣೆಗೆ ಗೌರವವಿದೆ ಎಂದೆ. ಆದರೆ ಶೋಕ ಎಂಬುದು ಕಳಂಕವಲ್ಲ, ದುಃಖದಲ್ಲಿರುವ ಮಗುವನ್ನು ಒಂಟಿಯಾಗಿ ಕೂರಿಸುವ ನಿಯಮ ಯಾವ ಧರ್ಮಕ್ಕೂ ಶೋಭೆಯಲ್ಲ ಎಂದೆ. ಅಜ್ಜಿ ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿದರು.

"ನೀವು ಹೇಳುವುದೆಲ್ಲ ಸರಿ ಉಂಟು ಟೀಚರೇ. ನೀವು ಭಾಷಣ ಮಾಡಿ ಬಾಗಿಲು ಹಾಕಿಕೊಳ್ತೀರಿ. ಲಿಫ್ಟಿನಲ್ಲಿ ಅವರ ಮುಖ ನೋಡ್ಬೇಕಾದ್ದು ನಾವು. ನಾಳೆ ಯಾರ ಮನೆಯ ಮಗುವಿಗೆ ಜ್ವರ ಬಂದ್ರೂ ಹೆಸರು ಬರುವುದು ಇವಳಿಗೆ."

ಅಜ್ಜಿ ಬಗ್ಗಿ ಮೊಮ್ಮಗಳ ತೋಳು ಹಿಡಿದರು. ಕೈ ಅಲುಗಿತು, ಹಕ್ಕಿಯ ಬಾಲವನ್ನು ಹಿಡಿದಿದ್ದ ಎಳೆ ಹರಿಯಿತು. ಹುಡುಗಿ ಅಳಲಿಲ್ಲ. ಎರಡೂ ಕೈಗಳಿಂದ ಕಾಗದವನ್ನು ಒತ್ತಿ ಹಿಡಿದು, ಮೊಣಕೈಯಿಂದ ಲಕೋಟೆಯನ್ನು ಅಜ್ಜಿಯತ್ತ ಸರಿಸಿದಳು.

"ಇದು ದೀಪಕ್ಕಲ್ಲ ಅಜ್ಜಿ. ಪಪ್ಪನಿಗೆ."

ಅಜ್ಜಿ ಲಕೋಟೆಯನ್ನು ಎತ್ತಿ, ಕೈ ಚಾಚಿ ದೂರ ಹಿಡಿದು ನೋಡಿದರು. ಕಿಟಕಿಯ ಬೆಳಕಿಗೆ ತಿರುಗಿಸಿದರು. ತಲೆಬುರುಡೆ ಕಂಡಿತೆಂದು ನನಗೆ ತಿಳಿಯಿತು. ಇನ್ನು ಎಲ್ಲವೂ ಮುಗಿಯಿತೆಂದುಕೊಂಡೆ.

"ಇದು ಯಾರ ಬೊಜ್ಜದ್ದು?" ಎಂದು ಕೇಳಿದರು.

ಹೇಳಿದೆ. ಎಷ್ಟೋ ದೂರದ ಒಂದು ನಾಡಿನವರು, ಸತ್ತವರಿಗಾಗಿ ಕಾಗದ ಕತ್ತರಿಸುತ್ತಾರೆ, ಅದು ಅಲುಗಾಡಿದರೆ ಸತ್ತವರು ಬಂದರೆನ್ನುತ್ತಾರೆ, ಆ ಕಲೆಯನ್ನು ಅಂಚೆಚೀಟಿಯಲ್ಲಿ ಅಚ್ಚು ಹಾಕಿಸುವಷ್ಟು ಹೆಮ್ಮೆ ಪಡುತ್ತಾರೆ ಎಂದು. ಅಜ್ಜಿ ನಿಧಾನವಾಗಿ ಚಾಪೆಯ ಮೇಲೆ ಕುಳಿತರು. ತಮ್ಮ ಮಾವ ತೀರಿಕೊಂಡಾಗ ಉಪ್ಪರಿಗೆ ಬೊಜ್ಜ ಮಾಡಿದ್ದರಂತೆ. ತುಂಬು ಬಾಳು ಬಾಳಿ ಹೋದವರಿಗೆ ಬಿದಿರಿನಲ್ಲಿ ಅಂತಸ್ತಿನ ಮೇಲೆ ಅಂತಸ್ತು ಕಟ್ಟಿ, ಸುತ್ತ ಬಣ್ಣದ ಕಾಗದ ಹಚ್ಚುವ ಪದ್ಧತಿ ಅದು. ಅಂಚಿನ ಕಾಗದಗಳಲ್ಲಿ ಎಲೆಗಳನ್ನೂ ಗಿಳಿಗಳನ್ನೂ ಕತ್ತರಿಸಿದ್ದರಂತೆ.

"ನಿನ್ನ ಪಪ್ಪ ಆಗ ನಿನಗಿಂತ ಸಣ್ಣವ. ಗಿಳಿ ಮಾಡ್ತೇನೆ ಅಂತ ಕೂತು ಕಾಗದ ಎಲ್ಲ ಹಾಳು ಮಾಡಿದ. ದೊಡ್ಡವರು ಬೈದ್ರು." ಅಜ್ಜಿ ಲಕೋಟೆಯನ್ನು ಚಾಪೆಯ ಮೇಲಿಟ್ಟರು. "ಬೈದ್ರು ಅಷ್ಟೆ. ಎಬ್ಬಿಸ್ಲಿಲ್ಲ."

ಮಗನಿಗೆ ಉಪ್ಪರಿಗೆ ಕಟ್ಟಿಸಲಿಲ್ಲ, ಸಣ್ಣ ಪ್ರಾಯದವರಿಗೆ ಅದು ಇಲ್ಲ ಎಂದೂ ಹೇಳಿದರು. ಆಮೇಲೆ ಹರಿದ ಬಾಲವನ್ನು ಅಂಗೈಯಲ್ಲಿ ತೆಗೆದುಕೊಂಡು ಮೈದಾ ಅಂಟು ಎಲ್ಲಿದೆಯೆಂದು ನನ್ನನ್ನು ಕೇಳಿದರು.

ಶರತ್ತುಗಳಿದ್ದವು. ಗೂಡುದೀಪ ಮುಟ್ಟಬಾರದು. ಕಾಗದವನ್ನು ಬಾಗಿಲಿಗೆ ಕಟ್ಟಬಾರದು. ಒಳಗೆ, ಅವನ ಫೋಟೋದ ಮೇಲೆ ಮಾತ್ರ. ನಾನು ಕೇಳಿದ್ದು ನಿಯಮದ ರದ್ದತಿ, ದೊರೆತದ್ದು ಅದರೊಳಗೊಂದು ಕಿಂಡಿ. ಸಂದೇಶ ಕಳುಹಿಸಿದ ತಾಯಿ ಮಧ್ಯಾಹ್ನ ಬಂದು, ಅರ್ಧ ಅಂಟಿಸಿದ ಗೂಡುದೀಪದ ಸಮೇತ ತಮ್ಮ ಮಗನನ್ನು ಕರೆದೊಯ್ದರು. ಆ ವರ್ಷ ಅವನು ಮತ್ತೆ ಬರಲಿಲ್ಲ. ಲಿಫ್ಟಿನಲ್ಲಿ ಈಗಲೂ ಅವರು ನನ್ನನ್ನು ಬಿಟ್ಟು ಬಟನ್‌ಗಳನ್ನು ನೋಡುತ್ತಾರೆ.

ಸಂಜೆ ಮೇಲಿನ ಮನೆಗೆ ಹೋದಾಗ ಗುಲಾಬಿ ಕಾಗದ ಫೋಟೋದ ಮೇಲೆ ನೂಲಿನಲ್ಲಿ ತೂಗುತ್ತಿತ್ತು. ಒಂದು ಹಕ್ಕಿಯ ಬಾಲ ಸೊಟ್ಟಗೆ ಅಂಟಿತ್ತು. ಡ್ಯೂಟಿ ಮುಗಿಸಿ ಬಂದ ತಾಯಿ ಸಮವಸ್ತ್ರದಲ್ಲಿಯೇ ಅದರ ಮುಂದೆ ನಿಂತಿದ್ದರು. ಬಂದ ದಿನದಿಂದಲೂ ಎಸಿಯ ಚಳಿಯ ಬಗ್ಗೆ ಅಜ್ಜಿಯ ದೂರು ಇದ್ದದ್ದೇ. ತಣ್ಣನೆಯ ಗಾಳಿ ಬೀಸಿ ಕಾಗದ ಅಲುಗಾಡಿದಾಗ, ಅಜ್ಜಿಗೆ ಚಳಿಯಾದೀತೆಂದು ಹುಡುಗಿ ರಿಮೋಟ್ ಎತ್ತಿಕೊಂಡಳು.

"ಇರಲಿ," ಎಂದರು ಅಜ್ಜಿ, ಸೆರಗನ್ನು ಹೊದ್ದುಕೊಳ್ಳುತ್ತ.

ಓದುಗರೇ, ದೀಪಾವಳಿ ಮತ್ತೆ ಬರುತ್ತದೆ. ನಿಮ್ಮ ಕಟ್ಟಡದಲ್ಲಿ, ನಿಮ್ಮ ಬೀದಿಯಲ್ಲಿ ಸಾವು ನಡೆದ ಮನೆಯಿದ್ದು ಅಲ್ಲಿ ಒಂದು ಮಗುವಿದ್ದರೆ, ಅದು ತಾನಾಗಿ ಬರಲೆಂದು ಕಾಯಬೇಡಿ. ನೀವೇ ಹೋಗಿ ಮನೆಯ ಹಿರಿಯರೊಂದಿಗೆ ಮಾತನಾಡಿ, ಮಗುವನ್ನು ಕರೆತನ್ನಿ. ಚಾಪೆಯಲ್ಲಿ ಜಾಗ ಮಾಡಿ, ಕೈಗೆ ಕತ್ತರಿ ಕೊಡಿ.